ಹಗ್ಗದಿಂದ ಇಳಿಸೀವಿ, ಅಣ್ಣಾ

ದೇವಣ್ಣಾ,

ಮೊದಲ ಒಂದು ಮಾತು ಹೇಳಿಬಿಡ್ತೀನಿ, ಆಮ್ಯಾಲ ಬೇಕಾದ್ರ ನಗು, ಬೇಕಾದ್ರ ಸಿಟ್ಟಿಗೇಳು. ನಮ್ಮ ಪಿಚ್ಚರಿನ ಎರಡನೇ ಭಾಗ ಆಯ್ತು. ಹೀರೋಯಿನ್ ಯಾರಂತಿ? ನಾನೇ! ನಿನ್ನ ತಂಗಿ ಸುವರ್ಣಾ. ಸ್ಟುಡಿಯೋದಾಗ ಕಂಪ್ಯೂಟರ್ ಮುಂದ ಕುಂತು ಮಂದಿ ಮದುವಿ ವಿಡಿಯೋ ಕತ್ತರಿಸಿ ಜೋಡಿಸಿ ಬೆನ್ನು ಹಿಡಿಸ್ಕೊಂಡಾಕಿ, ಎರಡು ಮಕ್ಕಳ ತಾಯಿ, ಸೆರಗು ಸೊಂಟಕ್ಕ ಸಿಗಿಸಿ ಚಿಂಚೋಳಿ ಕಾಡಿನಾಗ ಓಡ್ಯಾಡೀನಿ. ಸೀರಿ ಮ್ಯಾಲ ಬೂಟು ಬ್ಯಾರೆ. ನಗಬ್ಯಾಡ. ನಕ್ಕಿಯಲ್ಲ? ಗೊತ್ತಿತ್ತು ನಂಗ.

ಸೇಡಂದಾಗ ಬಸ್ ಸ್ಟ್ಯಾಂಡ್ ಹಿಂದಿನ ಫಂಕ್ಷನ್ ಹಾಲಿನಾಗ ಮೊದಲನೇ ಭಾಗ ತೋರಿಸಿದ ದಿನ ನೆನಪದ ಇಲ್ಲೋ ನಿಂಗ? ಬಿಳಿ ಧೋತರ ಜೋಡಿಸಿ ಹೊಲಿಸಿ ಪರದೆ ಮಾಡಿದ್ವಿ. ‘ಕಾಗಿಣಾ ಖಜಾನಾ’ ಅಂತ ಹೆಸರು ಬಂದ ಕೂಡ್ಲೇ ಸೀಟಿ ಬಿದ್ದವು. ಕಾಗಿಣಾ ನದಿ ದಂಡಿಗಿ ಎಲ್ಲೋ ಹಳೇ ಕಾಲದ ಖಜಾನಿ ಹುಗದಾರ ಅಂತ ನೀ ಹುಡುಕೋದು, ವಿಲನ್ ನಿನ್ನ ಬೆನ್ನ ಹತ್ತೋದು, ಕಡೀಕ ಶಹಾಬಾದದ ಫರ್ಸಿ ಕಲ್ಲಿನ ಖಣಿಯೊಳಗ, ಒಂದು ಕೈಯಾಗ ಹಗ್ಗ, ಬಗಲಾಗ ಖಜಾನಿ ಪೆಟ್ಟಿಗಿ, ಕೆಳಗ ಪಾತಾಳ, ನೀ ಜೋತಾಡ್ಲಿಕತ್ತಿ... ಅಷ್ಟರಾಗ ‘ಮುಂದುವರಿಯುತ್ತದೆ’ ಅಂತ ಅಕ್ಷರ ಬಂದ್ವು. ಯಪ್ಪಾ, ಏನು ಗದ್ದಲ! ಕುರ್ಚಿ ಎತ್ತಿದವರು ಎಷ್ಟು ಮಂದಿ! ನೀ ಪರದೆ ಮುಂದ ಸ್ಟೂಲ್ ಮ್ಯಾಲ ಹತ್ತಿ ನಿಂತು ಕೈ ಎತ್ತಿ ಹೇಳಿದಿ: “ಎರಡನೇ ಭಾಗದಾಗ ಇಳೀತೀನ್ರಿ! ನಮ್ಮವ್ವನ ಆಣಿ!”

ಅವ್ವನ ಆಣಿ ಯಾಕ ಮಾಡಬೇಕಿತ್ತು? ಬ್ಯಾರೆ ಯಾರೂ ಸಿಗಲಿಲ್ಲೇನು ನಿಂಗ? ಆಮ್ಯಾಲ ಚಿತ್ತಾಪುರದಾಗ ತೋರಿಸಿದ್ವಿ, ವಾಡಿಯೊಳಗ, ಶಹಾಬಾದದಾಗ, ಚಿಂಚೋಳಿಯೊಳಗ. ಹೋದಲ್ಲೆಲ್ಲಾ ಅದೇ ಸ್ಟೂಲು, ಅದೇ ಆಣಿ. ಮತ್ತ ಒಂದಿನ ಕಾಮಣಿ ಅಂತ ಹಾಸಿಗಿ ಹಿಡಿದಿ, ಕಣ್ಣು ಅರಿಷಿಣ ಆದ್ವು, ದವಾಖಾನಿಗಿ ಹೋದಾಂವ ಮನಿಗಿ ಬರಲೇ ಇಲ್ಲ. ಪಿಚ್ಚರಿನಾಗ ನೀ ಹಗ್ಗಕ್ಕ ಹಂಗೇ ಜೋತಾಡ್ಕೋತ ಉಳದಿ.

ನೀ ಹೋದ ಮೂರನೇ ದಿನಕ್ಕ ಕುರಕುಂಟಾದಿಂದ ಒಬ್ಬ ಅಜ್ಜ ಬಂದಿದ್ದ. ನಮಗ ಗುರ್ತು ಇಲ್ಲ, ಪಿಚ್ಚರ್ ನೋಡಿದಾಂವ ಅಷ್ಟೇ. ಅವ್ವನ ಮುಂದ ಕುಂತು ರುಮಾಲು ಬಾಯಿಗಿ ಹಿಡ್ಕೊಂಡು ಅತ್ತ, ಪಾಪ. ಎದ್ದು ಹೋಗೋ ಮುಂದ ಬಾಗಿಲಾಗ ನಿಂತು ಕೇಳ್ತಾನ: “ತಾಯಿ, ತಪ್ಪು ತಿಳ್ಕೋಬ್ಯಾಡ್ರಿ. ಆ ಹಗ್ಗದ್ದು ಏನು ಮಾಡ್ತೀರಿ?” ಎಲ್ಲಾರೂ ಗಾಬರಿ ಆಗಿ ಅವ್ವನ ಮಾರಿ ನೋಡಿದ್ರು. ಅವ್ವ ಸೆರಗಿನಾಗ ಮಾರಿ ಮುಚ್ಕೊಂಡು ನಗಲಿಕತ್ತಳು. ನೀ ಹೋದ ಮ್ಯಾಲ ಆಕಿ ನಕ್ಕಿದ್ದು ಅದೇ ಮೊದಲು. ಅವತ್ತೇ ನಂಗ ತಿಳೀತು, ನಿನ್ನ ಹಗ್ಗದಿಂದ ಇಳಿಸೋ ತನಕ ನಮಗ ಬಿಡುಗಡಿ ಇಲ್ಲ ಅಂತ. ಮಾರ್ಕೆಟ್ಟಿಗಿ ಹೋದ್ರ ಕಾಯಿಪಲ್ಯ ಮಾರೋ ಯಲ್ಲಮ್ಮ ಕೇಳ್ತಿದ್ದಳು, “ನಿಮ್ಮಣ್ಣ ಇಳದನೇನ ಯವ್ವಾ?” ನಾ ಏನಂತ ಹೇಳ್ಲಿ? ಇಳೀಲಿಕತ್ತಾನ, ಜರಾ ತಡ ಅದ ಅಂತಿದ್ದೆ.

ಮಾಡ್ತೀನಿ ಅಂದೆ. ಆದರ ಅವ್ವ ಸುಮ್ಕ ಹೂಂ ಅನ್ನಬೇಕಲ್ಲ? ಸ್ಟುಡಿಯೋದಾಗ ಸಭಾ ಕೂಡಿಸಿದ್ವಿ. ನಾನು, ನಿನ್ನ ಗೆಳೆಯ ರಫೀಕ ತನ್ನ ಮದುವಿ ಕ್ಯಾಮರಾ ಕೊಳ್ಳಾಗ ಹಾಕ್ಕೊಂಡು, ನಮ್ಮ ವಿಲನ್ ಗುರುಪಾದಪ್ಪ ಕಾಕಾ ಕಿರಾಣಿ ಅಂಗಡಿ ಬಾಗಿಲು ಹಾಕ್ಕೊಂಡು ಬಂದ. ರಫೀಕ ಅಂದ, ಹೀರೋನ ಅವಳಿ ತಮ್ಮ ಒಬ್ಬ ಇದ್ದ ಅಂತ ತೋರಿಸೋಣು. ಕಾಕಾ ಅಂದ, ಮಾರಿ ಸುಟ್ಟು ಆಪರೇಶನ್ ಆಗ್ಯದ ಅಂತ ಹೇಳಿ ಬ್ಯಾರೇದವನ್ನ ತರೋಣು. ನಾನು ಜರಾ ಅಂಜಿಕೋತ ಅಂದೆ, ಹಗ್ಗ ಹರದು ನೀ ಸತ್ತಿ, ತಂಗಿ ಸೇಡು ತೀರಸ್ತಾಳ... ಚಾ ಕೊಡಲಿಕ್ಕ ಬಂದ ಅವ್ವ ಅಲ್ಲೇ ನಿಂತಳು. ಕಪ್ಪು ಕೆಳಗ ಇಟ್ಟಳು. “ಪಿಚ್ಚರ್ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ನನ್ನ ಮಗನ್ನ ಎರಡನೇ ಸಲ ಸಾಯಿಸಬ್ಯಾಡ್ರಿ. ಅವನ ಜಾಗಾದಾಗ ಮತ್ತೊಬ್ಬನ್ನ ತಂದು ನಿಲ್ಲಸಬ್ಯಾಡ್ರಿ. ಅವನ್ನೇ ತರ್ರಿ, ಜೀವಂತ ತರ್ರಿ. ಆಗಂಗಿಲ್ಲಾಂದ್ರ ಬಿಟ್ಟುಬಿಡ್ರಿ.”

ಹೆಂಗ ತರೋದು ಹೇಳು? ಇಲ್ಲದ ಮನಷ್ಯಾನ್ನ ಜೀವಂತ ತರ್ರಿ ಅಂದ್ರ... ಕಾಕಾ ಎದ್ದು ಅಂಗಡಿಗಿ ಹೋದ. ರಫೀಕ ಚಾ ಕುಡೀಲಾರದೇ ಹೋದ. ನಾನು ಒಬ್ಬಾಕೇ ಕುಂತೆ, ನಿನ್ನ ಮ್ಯಾಲ ಭಾಳ ಸಿಟ್ಟು ಬಂತು. ಆಣಿ ಮಾಡಾಂವ ನೀ, ತೀರಸಾಕಿ ನಾನು!

ಮೊದಲನೇ ಭಾಗ ಮಾಡಿದ್ದು ನೆನಸ್ಕೊಂಡ್ರ ಈಗೂ ಹೊಟ್ಟಿ ಹುಣ್ಣಾಗಂಗ ನಗು ಬರ್ತದ. ನಾವೆಲ್ಲಾ ಮದುವಿ ವಿಡಿಯೋದವರು, ಪಿಚ್ಚರ್ ಮಾಡೋದು ಯಾರು ಕಲಿಸಿದ್ರು ನಮಗ? ಸೇಡಂ ಬಜಾರದಾಗ ನೀನು, ವಿಲನ್ನು ಬಡದಾಡೋ ಸೀನು. ರಫೀಕ ನಿಮ್ಮನ್ನ ಬಿಟ್ಟು ಸುತ್ತ ನಿಂತ ಮಂದಿಯನ್ನ ಒಬ್ಬೊಬ್ಬರನ್ನೇ ಸಾವಕಾಶ ತೋರಸ್ಕೋತ ಹೋದ. ಯಾಕೋ ಅಂತ ಕೇಳಿದ್ರ, “ಯಾರ ಮಾರಿ ಬಿಟ್ರೂ ಆಮ್ಯಾಲ ಬಂದು ಜಗಳ ಮಾಡ್ತಾರ ಭಾಯಿ” ಅಂದ. ಮದುವಿಯೊಳಗ ಬೀಗರನ್ನ ಬಿಡಬಾರದು ಅಂತ ಕಲತ ಬುದ್ಧಿ ಅದು. ಮತ್ತ ನಾನು? ಮದುವಿಗಿ ಹಚ್ಚೋ ಗುಲಾಬಿ ಪಕಳಿ ಉದುರೋ ಎಫೆಕ್ಟು ತಗೀಲಿಕ್ಕ ಮರ್ತೆ. ನೀ ಕಾಕಾನ ಕಪಾಳಕ್ಕ ಹೊಡದ ಹೊತ್ತಿಗೇ ಮ್ಯಾಲಿಂದ ಗುಲಾಬಿ ಪಕಳಿ ಉದುರಿದ್ವು. ನಾ ಮಾನ ಹೋಯ್ತು ಅಂತ ಕಣ್ಣು ಮುಚ್ಕೊಂಡೆ, ಮಂದಿ ಎದ್ದು ನಿಂತು ಚಪ್ಪಾಳಿ ಹೊಡದ್ರು. ಹೊಸಾ ಸ್ಟೈಲ್ ಅಂದ್ಕೊಂಡ್ರು!

ಕಾಕಾನ ಡೈಲಾಗು ಬ್ಯಾರೆ. ಹಣಿ ತುಂಬ ವಿಭೂತಿ ಹಚ್ಕೊಂಡು, ಒಬ್ಬರಿಗೂ ಗಟ್ಟಿ ಮಾತಾಡಿ ಗೊತ್ತಿಲ್ಲದ ಮನಷ್ಯಾ. “ಲೇ, ಖಜಾನಿ ಕೊಡಲೇ” ಅಂತ ಅನ್ನು ಅಂತ ನೀ ಎಷ್ಟು ಹೇಳಿದಿ! ಬಾಯಿಯಿಂದ ಬರಲೇ ಇಲ್ಲ. “ನನ್ನ ಗಿರಾಕಿ ಇದ್ದಾರವರು, ಏಕವಚನದಾಗ ಹೆಂಗ ಅನ್ಲಿ?” ಅಂದ. ಕಡೀಕ ಕ್ಯಾಮರಾ ಮುಂದ ಕತ್ತಿ ಎತ್ತಿ ಅಂದಿದ್ದು: “ಖಜಾನಿ ಕೊಡ್ರಿ ಅಣ್ಣಾರ. ಇಲ್ಲಾಂದ್ರ ನಿಮ್ಮನ್ನ ಜೀವಂತ ಬಿಡಂಗಿಲ್ರಿ.” ನೀ ನಕ್ಕು ನಕ್ಕು ನೆಲಕ್ಕ ಕುಂತಿ. ಹಂಗೇ ಇಟ್ವಿ ಅದನ್ನ. ಊರಾಗ ಮಕ್ಕಳು ಮರಿ ಎಲ್ಲಾ ಅದೇ ಡೈಲಾಗ್ ಹೊಡ್ಕೋತ ತಿರಗಿದ್ರು.

ನಂಗ ಕಿರಿಕಿರಿ ಆಗ್ತಿದ್ದುದು ಒಂದೇ. ಪ್ರತಿ ಸೀನು ಮುಗಿದ ಮ್ಯಾಲ ನೀ ಕೈ ಎತ್ತಿ “ಈಗ ತೆಲುಗು!” ಅಂತಿದ್ದಿ. ಒಂದ್ಸಲ ಕನ್ನಡದಾಗ, ಅದನ್ನೇ ಮತ್ತೊಂದ್ಸಲ ತೆಲುಗಿನಾಗ. ತೆಲಂಗಾಣದಾಗ ತಾಂಡೂರ ಕಡಿ ಅಮ್ಮಮ್ಮನ ಊರಿಗಿ ಒಯ್ದು ತೋರಸಬೇಕು, ಅವ್ವನ ತವರು ಮಂದಿಯೆಲ್ಲಾ ನೋಡಬೇಕು ಅಂತ ನಿನ್ನ ಆಶಾ. ಬ್ಯಾಟರಿ ದಂಡ, ಹೊತ್ತು ದಂಡ ಅಂತ ನಾ ಒದರ್ತಿದ್ದೆ. ನೀ ಕೇಳ್ತಿದ್ದೇನು? ಆ ತೆಲುಗು ಪಿಚ್ಚರ್ ಮುಗೀಲೇ ಇಲ್ಲ, ಅದು ಬ್ಯಾರೆ ಮಾತು.

ಶಹಾಬಾದದ ಖಣಿಯಾಗ ಹಗ್ಗದ ಸೀನು ತಗದ ದಿನ ಕಣ್ಣಿಗಿ ಕಟ್ಟಿಧಂಗ ಅದ. ಹಗ್ಗದ ಒಂದು ತುದಿ ಟ್ರ್ಯಾಕ್ಟರಿಗಿ ಕಟ್ಟಿ, ಒಂದು ತುದಿ ನಿನ್ನ ಸೊಂಟಕ್ಕ. ಕನ್ನಡದಾಗ ಜೋತಾಡಿದಿ. ಬಿಸಿಲು ಚುರು ಚುರು ಅನ್ನಲಿಕತ್ತಿತ್ತು, ಸಾಕು ಬಾ ಅಣ್ಣಾ ಅಂದೆ. ಕೆಳಗಿಂದಲೇ ಒದರಿದಿ, “ಈಗ ತೆಲುಗು!” ಅದೂ ಆಯ್ತು. ಮ್ಯಾಲ ಜಗ್ಗೋ ಮುಂದ ಹಗ್ಗ ಜರಾ ಜಾರಿತು ನೋಡು, ಎಲ್ಲಾರ ಜೀವ ಬಾಯಿಗಿ ಬಂತು. ನಾ ಕೂಗಿದ್ದು ವಾಡಿ ತನಕ ಕೇಳಿರಬೇಕು. ನೀ ಖಣಿ ದಂಡಿ ಹಿಡಿದು ಮ್ಯಾಲ ಬಂದಿ, ನಮ್ಮ ಬಿಳಚಿಕೊಂಡ ಮಾರಿಗಳನ್ನ ನೋಡಿ ನಕ್ಕಿ, ಬಾಯಾಗ ಇನ್ನೂ ತೆಲುಗೇ ಇತ್ತು: “ಏಂ ಕಾಲೇ ನಾಕು. ಮಂಚಿಗುನ್ನ.” ನಂಗೇನೂ ಆಗಿಲ್ಲ, ಚಲೋ ಇದ್ದೀನಿ ಅಂತ. ಆಮ್ಯಾಲ ನಿಂತು ಅಂಗಿ ಪ್ಯಾಂಟಿನ ಮ್ಯಾಲಿನ ಕಲ್ಲಿನ ಧೂಳು ಸಾವಕಾಶ ಝಾಡಿಸ್ಕೊಂಡಿ, ನನ್ನ ಕಡಿ ನೋಡಿ ಊಟ ಕೇಳಿದಿ. ಎಲ್ಲಾರೂ ನಕ್ಕು ಹಗುರಾದ್ವಿ. ರಫೀಕ ಮಾತ್ರ ಕ್ಯಾಮರಾ ಬಂದ್ ಮಾಡಿರಲಿಲ್ಲ. ಅಕ್ಷತಾ ಯಾವ ಗಳಿಗ್ಯಾಗ ಬೀಳ್ತಾವೋ ಅಂತ ಮದುವಿಯೊಳಗ ಬಂದ್ ಮಾಡಲಾರದ ರೂಢಿ ಅವಂದು.

ಮರುದಿನ ಕನ್ನಡದಾಗ ಮ್ಯಾಲ ಬರೋ ಸೀನು ಇತ್ತು. ಮಳಿ ಬಂತು, ಖಣಿ ತುಂಬಿ ಕೆರಿ ಆಯ್ತು. ನೀರು ಇಳಿಯೋದ್ರಾಗ ಮದುವಿ ಸೀಜನ್ ಬಂತು, ರಫೀಕ ಕೈಗಿ ಸಿಗಲಿಲ್ಲ. ತೆಲುಗಿನದೇ ಹಾಕಿ ಮುಗಸೋಣು ಅಂತ ನಾ ಅಂದ್ರ ನೀ ಒಪ್ಪಲಿಲ್ಲ. “ಕನ್ನಡ ಪಿಚ್ಚರಿನ ಹೀರೋ ಕಡೀಕ ತೆಲುಗು ಯಾಕ ಮಾತಾಡ್ತಾನ ಅಂತ ಮಂದಿ ಕೇಳ್ತಾರ. ಜೋತಾಡ್ಲಿ ಬಿಡು, ಎರಡನೇ ಭಾಗ ಮಾಡೋಣು.” ಹಿಂಗ ಹುಟ್ಟಿತ್ತು ನಿನ್ನ ಎರಡನೇ ಭಾಗ.

ಸಭಾ ಮುರಿದ ಕೆಲವು ದಿನದ ಮ್ಯಾಲ ಒಂದು ಮಧ್ಯಾಹ್ನ, ಅವ್ವ ಮೊರದಾಗ ತೊಗರಿಬ್ಯಾಳಿ ಹಸನ ಮಾಡ್ಲಿಕತ್ತಿದ್ದಳು. ನಾ ಬಾಜೂಕ ಕುಂತಿದ್ದೆ. ಮಾರಿ ಎತ್ತಲಾರದೇ ಕೇಳಿದಳು.

“ಅಂವ ಸಣ್ಣಾಂವಿದ್ದಾಗ ನಿಮ್ಮಪ್ಪನ ಸಂಗಟ ಜಗಳಾಡಿದ್ರ ಎಲ್ಲಿಗಿ ಹೋಗ್ತಿದ್ದ?”

“ಅಮ್ಮಮ್ಮನ ಮನಿಗಿ.”

“ಮತ್ತ? ಈಗೂ ಅಲ್ಲೇ ಹೋಗ್ಯಾನ ಅಂತ ತೋರಸು. ಹಗ್ಗ ಬಿಚ್ಕೊಂಡು ಕೆಳಗ ಇಳದ, ಅಮ್ಮಮ್ಮನ ಊರಿಗಿ ಹೋದ, ಆರಾಮ ಇದ್ದಾನ.”

“ಅವ್ವಾ, ಶಹಾಬಾದ ಖಣಿಯಾಗ ಇಳದಾಂವ ತಾಂಡೂರ ಕಡಿ ಹೆಂಗ ಹೋಗ್ತಾನ?”

“ಅಲ್ಲೂ ಫರ್ಸಿ ಕಲ್ಲೇ, ಇಲ್ಲೂ ಫರ್ಸಿ ಕಲ್ಲೇ. ನೆಲದ ಬುಡಕ ಒಂದು ಹಾದಿ ಇರಂಗಿಲ್ಲೇನು? ಅದನ್ನೂ ನಾನೇ ಹೇಳಬೇಕೇನು? ಪಿಚ್ಚರ್ ಮಾಡೋರು ನೀವೋ ನಾನೋ?”

ಆಗ ಹೊಳೀತು ನಂಗ. ಆ ಕಡಿ ಇದ್ದಾಂವ ತೆಲುಗು ಮಾತಾಡದೇ ಮತ್ತೇನು ಮಾತಾಡ್ತಾನ? ನಿನ್ನ ಮಾರಿ ಅದ, ನಿನ್ನ ದನಿ ಅದ, ಮ್ಯಾಲ ಬರೋದು ಅದ, ಎಲ್ಲಾ ರಫೀಕನ ಕ್ಯಾಮರಾದಾಗ ಇತ್ತು. ಬ್ಯಾಟರಿ ದಂಡ ಅಂದಿದ್ದೆನಲ್ಲ, ಈಗೂ ಅಂತೀನಿ, ಉಳದ ಸೀನಿಂದೆಲ್ಲಾ ದಂಡವೇ. ಆದರ ಅದೊಂದು... ಓಡಿಹೋಗಿ ರಫೀಕಗ ಫೋನ್ ಹಚ್ಚಿದೆ. ಕೇಳಿದ ಕೂಡ್ಲೇ ಅಂದ, “ಅವ್ವಾರಿಗಿ ಡೈರೆಕ್ಟರ್ ಮಾಡ್ರಿ, ನೀವು ಮನಿಗಿ ಹೋಗ್ರಿ.”

ಶೂಟಿಂಗ್ ಸುದ್ದಿ ಕೇಳು. ಕತಿ ಇಷ್ಟೇ: ಅಣ್ಣ ಸತ್ತಿಲ್ಲ ಅಂತ ತಂಗಿ ಹಟ ಹಿಡಿದು ಖಣಿಯಾಗ ಇಳೀತಾಳ, ಸುರಂಗದಾಗ ಹೋಗ್ತಾಳ, ವಿಲನ್ ಬೆನ್ನ ಹತ್ತತಾನ, ವಾಡಿ, ಚಿಂಚೋಳಿ ಕಾಡು, ಆಮ್ಯಾಲ ಗಡಿ ದಾಟಿ ಆ ಕಡಿಯ ಖಣಿ. ವಾಡಿಯೊಳಗ ಗೂಡ್ಸ್ ಗಾಡಿ ಬಾಜೂಕಿನ ರೋಡಿನ ಮ್ಯಾಲ ಕಾಕಾ ಮೋಟರ್‌ಸೈಕಲ್ ಓಡಸಬೇಕು, ಮುಂದ ನಾ ಸ್ಕೂಟಿ ಮ್ಯಾಲ. ಹಿಂದ ರೈಲು ಧಡ ಧಡ ಓಡಬೇಕು. ಭಾಳ ಜೋರಾಗಿ ಶುರು ಆಯ್ತು. ನಡುವ ಗಾಡಿಗಿ ಸಿಗ್ನಲ್ ಬಿತ್ತು, ಗಪ್ಪನ ನಿಂತಿತು. ನಾವೂ ನಿಂತ್ವಿ. ಚಾ ಕುಡದ್ವಿ, ಭಜಿ ತಿಂದ್ವಿ, ಗಾಡಿ ಅಲ್ಲೇ. ಕಡೀಕ ಕಾಕಾ ನನ್ನ ಕಡಿ ನೋಡಿ, ವಿಲನ್ ವೇಷದಾಗೇ, “ಗಾಡಿ ಹೋಗೋ ತನಕ ಕುಂದ್ರಿ ತಂಗಿ, ಆಮ್ಯಾಲ ಬೆನ್ನ ಹತ್ತತೀನಿ” ಅಂದ. ರಫೀಕನ ಕ್ಯಾಮರಾ ಓಡ್ಲಿಕತ್ತಿತ್ತು. ಅದನ್ನೂ ಇಟ್ವಿ.

ಚಿಂಚೋಳಿ ಕಾಡಿನಾಗ ಜಾರಿ ಬಿದ್ದಿದ್ದು ಹೇಳಂಗಿಲ್ಲ, ರಫೀಕ ಎಲ್ಲಾರಿಗೂ ತೋರಿಸ್ಯಾನ. ನಿನ್ನ ಹಗ್ಗ ಜಗ್ಗಿದ್ದು ಮಾತ್ರ ಹೇಳ್ತೀನಿ. ಗಡಿ ಆ ಕಡಿಯ ಖಣಿ ಅಂತ ತೋರಿಸಿದ್ದು ಶಹಾಬಾದದ ಅದೇ ಖಣಿ. ಅದೇ ಹಗ್ಗ, ಟ್ರ್ಯಾಕ್ಟರಿನವನ ಮನ್ಯಾಗ ಇನ್ನೂ ಇತ್ತು. ನಾ ಮ್ಯಾಲ ನಿಂತು ಜಗ್ಗಬೇಕು, ಆಮ್ಯಾಲ ನೀ ಮ್ಯಾಲ ಬರೋದನ್ನ ಜೋಡಸೋದು. ಖಾಲಿ ಹಗ್ಗ ಜಗ್ಗಿದ್ರ ಸುಳ್ಳು ಕಾಣ್ತದ ಅಂತ ರಫೀಕ ಕೆಳಗ ಒಂದು ಜ್ವಾಳದ ಚೀಲ ಕಟ್ಟಿದ. ಜಗ್ಗಿದೆ ಅಣ್ಣಾ. ಭಾರ ಇತ್ತು. ಜಗ್ಗಿಕೋತ ಜಗ್ಗಿಕೋತ ಅಳು ಬಂತು, ಗೊತ್ತಿದ್ದೂ ಗೊತ್ತಿದ್ದೂ ದಂಡ್ಯಾಗ ನಿನ್ನ ಕೈ ಕಾಣ್ತದೇನೋ ಅಂತ ಬಗ್ಗಿ ನೋಡಿದೆ. ಚೀಲ ಬಂತು. ಅದನ್ನೇ ತಬ್ಬಿಕೊಂಡು ಕುಂತೆ. ಆ ಜ್ವಾಳ ಏನಾಯ್ತು ಅಂತಿ? ಅವ್ವ ಬೀಸಿಸಿ ರೊಟ್ಟಿ ಮಾಡಿ ಎಲ್ಲಾರಿಗೂ ಹಾಕಿದಳು. ದೇವು ಹೊತ್ತು ತಂದ ಜ್ವಾಳ ಅಂದಳು.

ಈಗ ಸೇಡಂದಾಗ ತೋರಿಸಿದ ದಿನದ ಸುದ್ದಿ. ಅದೇ ಹಾಲು, ಹೊರಗ ಕಿಟಕಿಗೂ ಮಂದಿ. ಕುರಕುಂಟಾದ ಅಜ್ಜ ಎಲ್ಲಾರಕಿಂತ ಮೊದಲು ಬಂದು ಮುಂದಿನ ಸಾಲಿನಾಗ ಕುಂತಿದ್ದ, ಅವ್ವನ ಬಾಜೂಕ. ಅವ್ವ ಮೊದಲನೇ ಭಾಗದ ಕಡೀ ಸೀನು ಯಾವತ್ತೂ ನೋಡಿದಾಕಿ ಅಲ್ಲ. ಹಗ್ಗ ಕಂಡ ಕೂಡ್ಲೇ ಎದ್ದು ಹೊರಗ ಹೋಗ್ತಿದ್ದಳು, ನಿಂಗೇ ಗೊತ್ತದ. ಅವತ್ತೂ ಏಳ್ತಾಳೇನೋ ಅಂತ ಆಕಿ ಕಡಿಗೇ ನೋಡ್ಲಿಕತ್ತಿದ್ದೆ. ಮಂದಿ ನಕ್ಕರ ನಗಲಿ, ಬೈದ್ರ ಬೈಲಿ, ಆಕಿ ಏನಂತಾಳ ಅನ್ನೋದೇ ನಂಗ ಫಿಕರ್. ಜೀವಂತ ತರ್ರಿ ಅಂದಾಕಿ ಆಕಿ. ತಂದೀನೋ ಇಲ್ಲೋ?

ಕಾಕಾ “ನಿಮ್ಮನ್ನ ಬಿಡಂಗಿಲ್ರಿ” ಅಂದಾಗ ಸೀಟಿ. ಗೂಡ್ಸ್ ಗಾಡಿ ನಿಂತಾಗ ವಾಡಿಯಿಂದ ಬಂದವರು ಎದ್ದು ಕುಣದ್ರು, “ಪಿಚ್ಚರಿನಾಗೂ ನಿಂತಿತಲೇ!” ಅಂತ. ನಾ ಕಾಕಾಗ ಹೊಡಿಯೋ ಹೊತ್ತಿನಾಗ “ಪಕಳಿ! ಪಕಳಿ!” ಅಂತ ಒದರಿದ್ರು. ಈ ಸಲ ಬೇಕಂತೇ ಹಾಕಿದ್ದೆ, ಬುಟ್ಟಿಗಟ್ಲೆ ಉದುರಿದ್ವು. ಆಮ್ಯಾಲ ಹಗ್ಗ ಬಂತು. ನಾ ಜಗ್ಗಲಿಕತ್ತೀನಿ, ಜಗ್ಗಲಿಕತ್ತೀನಿ... ದಂಡ್ಯಾಗ ನಿನ್ನ ಕೈ ಬಂತು. ಆಮ್ಯಾಲ ತಲಿ. ಆಮ್ಯಾಲ ನಿನ್ನ ಹಲ್ಲು ಕಿಸದ ಮಾರಿ. ಯಣ್ಣಾ, ಆ ಗದ್ದಲ ನೀ ಕೇಳಬೇಕಿತ್ತು! ಕುರಕುಂಟಾದ ಅಜ್ಜ ರುಮಾಲು ತಗದು ಮ್ಯಾಲ ತೂರಿದ. “ಇಳದನಪ್ಪಾ! ಇಳದ!” ಖರೇ ಅಂದ್ರ ನೀ ಹತ್ತಿ ಬಂದಿ, ಆದರ ಅದನ್ನ ಯಾರು ಕೇಳ್ತಾರ?

“ಏಂ ಕಾಲೇ ನಾಕು. ಮಂಚಿಗುನ್ನ.”

ಯಾಕ ತೆಲುಗು ಅಂತ ಒಬ್ಬರೂ ಕೇಳಲಿಲ್ಲ. ಆ ಕಡಿ ಬೀಗರಿಲ್ಲದ ಮನಿ ಸೇಡಂದಾಗ ಯಾವುದದ? ಅದಕ್ಕ ಅಲ್ಲ ನಾ ಹೇಳಾಕಿ. ನಿಂಗ ಒಂದು ಗೊತ್ತಿಲ್ಲ. ನೀ ಹೋದ ಮ್ಯಾಲ ನಮ್ಮ ಮನ್ಯಾಗ ತೆಲುಗು ನಿಂತುಬಿಟ್ಟಿತ್ತು. ಅವ್ವ ನನ್ನ ಸಂಗಟ ಕನ್ನಡ, ಮೊಮ್ಮಕ್ಕಳ ಸಂಗಟ ಕನ್ನಡ, ನಿನ್ನ ಸಂಗಟ ಅಷ್ಟೇ ತನ್ನ ತವರಿನ ಮಾತು. ನಂಗ ಕೇಳಿದ್ರ ತಿಳೀತದ, ಬಾಯಿ ಹೊರಳಂಗಿಲ್ಲ. ಯಾರ ಸಂಗಟ ಮಾತಾಡ್ಬೇಕು ಆಕಿ? ಆ ಪರದೆ ಮ್ಯಾಲಿಂದ ನೀ, ಆಕಿಗೇ ಹೇಳಿಧಂಗ, ನಂಗೇನೂ ಆಗಿಲ್ಲ ಅಂದಿ. ಅವ್ವ ಮುಂದಿನ ಸಾಲಿನಾಗ ಕುಂತಾಕಿ, ಬಾಗಿಲಾಗ ಚಪ್ಪಲ್ ಬಿಡೋ ಮಗನ್ನ ಕೇಳೋಹಂಗೇ, ಗಟ್ಟಿಯಾಗಿ ಕೇಳಿದಳು:

“ತಿನ್ನವಾ ಬಿಡ್ಡಾ?”

ಉಂಡ್ಯೇನು ಮಗನಾ ಅಂತ. ಅಷ್ಟರಾಗ ನಾ ಹಾಕಿದ ಬಾಜಾ ಶುರು ಆಯ್ತು, ಹೆಸರು ಬರಲಿಕತ್ತವು. ಅವ್ವ ಪರದೆ ನೋಡ್ಕೋತ ಕುಂತೇ ಇದ್ದಳು. ಮಂದಿ ಎದ್ರು, ಲೈಟ್ ಹತ್ತಿದ್ವು, ಆಕಿ ಏಳಲಿಲ್ಲ. ಮತ್ತ ನಾನು... ನಂಗ ಗೊತ್ತಿತ್ತಲ್ಲ, ನೀ ಮುಂದ ಏನಂದಿದ್ದಿ ಅಂತ. ಟ್ರ್ಯಾಕ್ಟರಿನವ ಅಡ್ಡ ಹಾಯ್ತಾನ, ಎಲ್ಲಾರೂ ಕಿಸಿ ಕಿಸಿ ನಗ್ತಾರ, ಚಲೋ ಕಾಣಂಗಿಲ್ಲ ಅಂತ ನಾನೇ ಕತ್ತರಿಸಿದ್ದೆ.

ಸೀದಾ ಸ್ಟುಡಿಯೋಕ್ಕ ಹೋದೆ. ರಫೀಕ ಹಿಂದ ಬಂದ. “ತಂಗಿ, ಅದರಾಗ ಆ ಡ್ರೈವರ್ ಬರ್ತಾನ, ಹಲ್ಲು ತಿಕ್ಕೋತ ಬರ್ತಾನ” ಅಂದ. ಬರ್ಲಿ ಅಂದೆ. ಕತ್ತರಿಸಿದ್ದೆಲ್ಲಾ ತಿರಗಿ ಜೋಡಿಸಿದೆ. ಅವ್ವಗ ಒಂದು ಮಾತೂ ಹೇಳಲಿಲ್ಲ.

ಚಿತ್ತಾಪುರದಾಗ ಎರಡನೇ ಶೋ. ಕೋರ್ಟಿನ ವಕೀಲರು, ಆಫೀಸಿನವರು, ಸಂತಿಗಿ ಬಂದವರು, ಎಲ್ಲಾ ಕೂಡ್ಯಾರ. ನಾ ಅವ್ವನ ಬಾಜೂಕೇ ಕುಂತೆ, ಆಕಿ ಕೈ ಹಿಡ್ಕೊಂಡು. ನೀ ಮ್ಯಾಲ ಬಂದಿ. ಏನೂ ಆಗಿಲ್ಲ ಅಂದಿ, ಚಲೋ ಇದ್ದೀನಿ ಅಂದಿ. ಅವ್ವ ಮತ್ತ ಕೇಳಿದಳು, “ತಿನ್ನವಾ ಬಿಡ್ಡಾ?” ನೀ ಅಂಗಿ ಝಾಡಿಸಿದಿ. ಪ್ಯಾಂಟು ಝಾಡಿಸಿದಿ. ಡ್ರೈವರ್ ಹಲ್ಲು ತಿಕ್ಕೋತ ಹಾದು ಹೋದ. ನೀ ಮಾರಿ ಎತ್ತಿ ಸೀದಾ ನೋಡಿದಿ.

“ಆಕಲೈತಾಂದಿ. ಅನ್ನಂ ಪೆಟ್ಟು.”

ಹಸಿವಾಗ್ಯದ, ಊಟಕ್ಕ ನೀಡು. ಅವ್ವ ನನ್ನ ಕೈ ಬಿಟ್ಟು ತೊಡಿ ತಟ್ಕೊಂಡು ನಕ್ಕಳು, ಕಣ್ಣಾಗ ನೀರು ಬಳಬಳ. ಬಾಜೂಕಿನ ವಕೀಲರ ಹೆಂಡತಿಗಿ ತಿರಗಿ ಹೇಳ್ತಾಳ, “ಮುಂಜಾನಿಯಿಂದ ಹಗ್ಗಕ್ಕ ಜೋತಾಡ್ಯಾನ, ಏನೂ ತಿಂದಿಲ್ಲವಾ.” ಆಯಮ್ಮ ಕಣ್ಣು ಒರಸ್ಕೋತ ಹೂಂನ್ರಿ ಹೂಂನ್ರಿ ಅಂದಳು.

ಇವತ್ತು ಚಿಂಚೋಳಿಯೊಳಗ ಶೋ ಅದ. ಅದಾದ ಮ್ಯಾಲ ನಿನ್ನ ತೆಲುಗು ಪಿಚ್ಚರ್ ಪೂರಾ ಮಾಡಿ ಅಮ್ಮಮ್ಮನ ಊರಿಗಿ ಒಯ್ತೀನಿ, ಅವ್ವನೇ ನಂಗ ಡೈಲಾಗ್ ಕಲಸ್ಲಿಕತ್ತಾಳ. ತಪ್ಪಿದ್ರ ತಲಿಗಿ ಕುಟ್ಟತಾಳ, ಮನ್ಯಾಗ ದಿನಾ ತೆಲುಗಿನ ಗದ್ದಲ. ಈಗ ನಾ ಬರೀಲಿಕತ್ತ ಹೊತ್ತಿಗಿ ಒಳಗ ರೊಟ್ಟಿ ಬಡಿಯೋ ಸಪ್ಪಳ ಕೇಳ್ಲಿಕತ್ತದ. ಜ್ವಾಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ನಿನ್ನ ಬುತ್ತಿಗಿ ಕಟ್ಟತಿದ್ದುದೇ. ಪ್ರತಿ ಶೋಕ್ಕೂ ಒಯ್ತಾಳ, ಪಿಚ್ಚರ್ ಮುಗಿದ ಮ್ಯಾಲ ಬಾಗಿಲಾಗ ನಿಂತು ಬಂದವರಿಗೆಲ್ಲಾ ಮುರಿದು ಮುರಿದು ಕೊಡ್ತಾಳ.

“ಇಷ್ಟ್ಯಾಕ ಅವ್ವಾ?” ಅಂತ ಈಗ ಕೇಳಿ ಬಂದೆ.

“ಅಂವ ಕೇಳ್ತಾನಲ್ಲ” ಅಂದಳು.

ನೀ ಊಟ ಕೇಳೋದನ್ನ ಇನ್ನ ಯಾವತ್ತೂ ಕತ್ತರಸಂಗಿಲ್ಲ, ಅಣ್ಣಾ. ಅವ್ವನ ಆಣಿ.

ನಿನ್ನ ತಂಗಿ,
ಸುವರ್ಣಾ